ಸಂಕುಚಿತ ಧ್ವನಿಮುದ್ರಣಗಳ ವಿಸ್ತರಣೆ: ಬೆಂಗಳೂರು ದಂಡಿನ ಮೌಖಿಕ ಆಧಾರಗಳ ದೃಷ್ಟಿಯಿಂದ ಒಂದು ವಿಚಾರ

ಇತಿಹಾಸದ ವಿದ್ಯಾರ್ಥಿಗಳು ಶಾಸನ, ಸನದು, ಸರ್ಕಾರಿ ಕಡತಗಳ ಜೊತೆಗೆ ಹಿರಿಯರ ಬಾಯಿಮಾತನ್ನೂ ಆಧಾರವಾಗಿ ಸಂಗ್ರಹಿಸುತ್ತಿರುವುದು ಈಚಿನ ವರ್ಷಗಳ ಸಂತೋಷಕರವಾದ ಬೆಳವಣಿಗೆ. ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಅದರ ಪೂರ್ವಕ್ಕಿರುವ ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಲ್ಲಿಯೂ ಈ ಕೆಲಸ ವಿಶೇಷವಾಗಿ ನಡೆಯುತ್ತಿದೆ. ಆದರೆ ಹೀಗೆ ಸಂಗ್ರಹವಾದ ಮಾತು ಯಾವ ರೂಪದಲ್ಲಿ ನಮ್ಮ ಕೈಗೆ ಬರುತ್ತದೆ ಎಂಬುದನ್ನು ಕುರಿತು ನಮ್ಮಲ್ಲಿ ತಕ್ಕಷ್ಟು ವಿಚಾರ ನಡೆದಂತೆ ಕಾಣುವುದಿಲ್ಲ. ಬಹುಪಾಲು ಮುದ್ರಣಗಳು ಕೈದೂರವಾಣಿಯಲ್ಲಿ ಆದವು. ಎಂಪಿ3, ಎಎಂಆರ್, ಓಪಸ್ ಮುಂತಾದ ಸಂಕುಚಿತ ರೂಪದ ಫೈಲುಗಳು. ಇವುಗಳನ್ನು ಸಂಪಾದಿಸುವಾಗ, ಎಂದರೆ ಕತ್ತರಿಸಿ, ಜೋಡಿಸಿ, ಸದ್ದನ್ನು ತಗ್ಗಿಸಿ, ಪ್ರಕಟಣೆಗೆ ಅಣಿಗೊಳಿಸುವಾಗ, ಮೊದಲು ಅಸಂಕುಚಿತವಾದ ವೇವ್ ರೂಪಕ್ಕೆ ತಿರುಗಿಸುವುದು ರೂಢಿ. ಈ ಪರಿವರ್ತನೆಯಿಂದ ಧ್ವನಿಯು ತನ್ನ ಮೊದಲಿನ ಪೂರ್ಣತೆಗೆ ಮರಳುತ್ತದೆ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿಯೂ, ಹೇಳಲು ಸಂಕೋಚವಾದರೂ, ಅಧ್ಯಾಪಕರಲ್ಲಿಯೂ ಹರಡಿದೆ. ಆ ನಂಬಿಕೆಗೆ ಆಧಾರವೆಷ್ಟು, ಪರಿವರ್ತನೆಯ ನಿಜವಾದ ಪ್ರಯೋಜನವೇನು, ಅಪಾಯವೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ದಂಡಿನ ಇತಿಹಾಸಕ್ಕೆ ಮೌಖಿಕ ಆಧಾರಗಳು ಏಕೆ ಬೇಕು ಎಂಬುದನ್ನು ಮೊದಲು ಹೇಳುವುದು ಯುಕ್ತ. ಬ್ರಿಟಿಷರು 1809ರಲ್ಲಿ ಇಲ್ಲಿ ದಂಡನ್ನು ಸ್ಥಾಪಿಸಿದರು. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದಾಗಲೂ ಈ ಪ್ರದೇಶ ಮಾತ್ರ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು. 1947ರ ಜುಲೈ ತಿಂಗಳಲ್ಲಿ ಅದು ಮೈಸೂರಿಗೆ ಹಿಂದಿರುಗಿತು. 1949ರಲ್ಲಿ ಪೇಟೆಯ ಮತ್ತು ದಂಡಿನ ಪುರಸಭೆಗಳು ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಈ ದೀರ್ಘಕಾಲದಲ್ಲಿ ಇಲ್ಲಿಯ ಜನ ತಮಿಳು, ದಖ್ಖನಿ ಉರ್ದು, ತೆಲುಗು, ಕನ್ನಡಗಳನ್ನಾಡಿದರು; ಕಡತಗಳು ಮಾತ್ರ ಇಂಗ್ಲಿಷಿನಲ್ಲಿ ಬರೆಯಲ್ಪಟ್ಟವು. ರಸೆಲ್ ಮಾರುಕಟ್ಟೆಯ ವ್ಯಾಪಾರಿಯಾಗಲಿ ಹಲಸೂರಿನ ನೇಯ್ಗೆಯವನಾಗಲಿ ಕಡತದಲ್ಲಿ ಕಾಣಿಸಿಕೊಳ್ಳುವುದು ಅರ್ಜಿದಾರನಾಗಿ ಅಥವಾ ಆಪಾದಿತನಾಗಿ, ಅದೂ ಗುಮಾಸ್ತನ ಭಾಷೆಯಲ್ಲಿ.

ಮುಂದಿನ ಕಾಲಕ್ಕೂ ಈ ಮಾತು ಅನ್ವಯಿಸುತ್ತದೆ. 1940ರಲ್ಲಿ ವಿಮಾನ ಕಾರ್ಖಾನೆಯೂ, 1948ರಲ್ಲಿ ಕೃಷ್ಣರಾಜಪುರದ ಬಳಿ, ಮುಂದೆ ದೂರವಾಣಿನಗರವೆಂದು ಹೆಸರಾದ ಸ್ಥಳದಲ್ಲಿ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯೂ ಆರಂಭವಾದವು. ಐಟಿಐ ಎಂದೇ ಪ್ರಸಿದ್ಧವಾದ ಈ ಎರಡನೆಯ ಕಾರ್ಖಾನೆಯ ವಿಷಯವಾಗಿ ದಿಲೀಪ್ ಸುಬ್ರಮಣಿಯನ್ ಅವರು 2010ರಲ್ಲಿ ಪ್ರಕಟಿಸಿದ ವಿಸ್ತಾರವಾದ ಗ್ರಂಥವಿದೆ. ಆದರೂ 1980ರ ಡಿಸೆಂಬರಿನಿಂದ 1981ರ ಮಾರ್ಚಿಯವರೆಗೆ ಎಪ್ಪತ್ತೇಳು ದಿನ ನಡೆದ ಸಾರ್ವಜನಿಕ ಉದ್ಯಮಗಳ ಮುಷ್ಕರದಲ್ಲಿ ಕಾರ್ಖಾನೆಯ ಬಾಗಿಲಲ್ಲಿ ನಿಂತವರು, ಮನೆಯಲ್ಲಿ ಒಲೆ ನಡೆಸಿದವರು ಏನು ಹೇಳುತ್ತಾರೆ ಎಂಬುದು ಅವರ ಬಾಯಿಂದಲೇ ಬರಬೇಕು. ಅಂದು ಮೂವತ್ತರ ಪ್ರಾಯದಲ್ಲಿದ್ದವರಿಗೆ ಇಂದು ಎಪ್ಪತ್ತು ದಾಟಿದೆ. ಇವರಲ್ಲಿ ಹಲವರ ಮಾತಿಗೆ ಎರಡನೆಯ ಮುದ್ರಣ ಎಂಬುದು ಇರುವುದಿಲ್ಲ. ಒಂದು ಸಂಜೆ ಒಂದು ದೂರವಾಣಿಯಲ್ಲಿ ಸಿಕ್ಕಿದ್ದೇ ಆಧಾರ.

ಸಂಕೋಚನದ ಸ್ವರೂಪವನ್ನು ತಿಳಿಯಲು ಈ ಪ್ರದೇಶದ ಸ್ಥಳನಾಮಗಳೇ ಒಳ್ಳೆಯ ನಿದರ್ಶನವನ್ನು ಒದಗಿಸುತ್ತವೆ. ಇಂದಿನ ಶಿವಾಜಿನಗರದ ಭಾಗಕ್ಕೆ ಹಿಂದೆ ಬ್ಲ್ಯಾಕ್‌ಪಲ್ಲಿ ಎಂಬ ಹೆಸರಿತ್ತು. ಇದು ‘ಬಿಳಿ ಅಕ್ಕಿ ಪಳ್ಳಿ’ ಎಂಬುದರ ಇಂಗ್ಲಿಷ್ ರೂಪವೆಂದು ಒಂದು ಪಕ್ಷ. ದಂಡಿನ ರಚನೆಯಲ್ಲಿ ಕೈಯಿದ್ದ ಜಾನ್ ಬ್ಲೇಕಿಸ್ಟನ್ ಎಂಬ ಅಧಿಕಾರಿಯ ಹೆಸರಿನಿಂದ ಬಂದಿತೆಂದು ಇನ್ನೊಂದು ಪಕ್ಷ. ಬ್ಲ್ಯಾಕ್‌ಪಲ್ಲಿ ಎಂಬ ರೂಪವನ್ನು ಎಷ್ಟೇ ಹಿಗ್ಗಿಸಿ ನೋಡಿದರೂ ಈ ವಾದ ತೀರುವಂತಿಲ್ಲ. ಬರೆದುಕೊಂಡವನು ತನಗೆ ಅನಾವಶ್ಯಕವೆಂದು ತೋರಿದ ಧ್ವನಿಗಳನ್ನು ಬಿಟ್ಟಿದ್ದಾನೆ. ಹಲಸೂರಿನ ಸಂಗತಿ ಬೇರೆ. ಇಂಗ್ಲಿಷರು ಅದನ್ನು ಅಲ್ಸೂರು ಎಂದು ಕುಗ್ಗಿಸಿದರೂ ಹಲಸೂರು ಎಂಬ ರೂಪ ನಮಗೆ ಗೊತ್ತಿದೆ. ಅಲ್ಸೂರು ಎಂಬುದನ್ನು ಬಿಡಿಸಿ ನಾವು ಹಲಸೂರನ್ನು ಪಡೆದುದಲ್ಲ. ಊರಿನವರ ನಾಲಗೆಯಲ್ಲಿ ಅದು ಬೇರೆಯಾಗಿ ಉಳಿದುಬಂದಿತ್ತು. ಕುಗ್ಗಿದ ರೂಪವನ್ನು ಹಿಗ್ಗಿಸುವುದು ಒಂದು ಕೆಲಸ, ಕಳೆದುದನ್ನು ಮರಳಿ ಪಡೆಯುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಸ್ವತಂತ್ರವಾದ ಬೇರೊಂದು ಸಾಕ್ಷಿ ಬೇಕು. ಧ್ವನಿಮುದ್ರಣದ ವಿಷಯವೂ ಇದಕ್ಕಿಂತ ಭಿನ್ನವಲ್ಲ.

ಧ್ವನಿಯನ್ನು ಅಂಕಿಗಳಾಗಿ ಬರೆದಿಡುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕಾಗುತ್ತದೆ. ಗಾಳಿಯ ಒತ್ತಡವು ಕ್ಷಣಕ್ಷಣಕ್ಕೂ ಏರಿಳಿಯುವುದೇ ಧ್ವನಿ. ಈ ಏರಿಳಿತವನ್ನು ಸಮನಾದ ಅಂತರದಲ್ಲಿ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಟ್ಟರೆ ಅದೇ ಅಸಂಕುಚಿತ ಮುದ್ರಣ. ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ತಜ್ಞನು ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದಾಗ 1930ರ ದಶಕದ ಕೊನೆಯಲ್ಲಿ ಈ ಕ್ರಮವನ್ನು ದೂರವಾಣಿಗಾಗಿ ಕಲ್ಪಿಸಿದನು. 1982ರಲ್ಲಿ ಮಾರುಕಟ್ಟೆಗೆ ಬಂದ ಅಡಕಮುದ್ರಿಕೆಯಲ್ಲಿ, ಅಂದರೆ ಸಿ.ಡಿ.ಯಲ್ಲಿ, ಒಂದು ಸೆಕೆಂಡಿಗೆ 44,100 ಅಳತೆಗಳು, ಒಂದೊಂದಕ್ಕೂ 16 ಬಿಟ್ಟುಗಳು, ಎರಡು ವಾಹಿನಿಗಳು; ಒಟ್ಟು ಸೆಕೆಂಡಿಗೆ 14,11,200 ಬಿಟ್ಟುಗಳು. ಒಂದು ಗಂಟೆಯ ಮಾತಿಗೆ ಸುಮಾರು 635 ಮೆಗಾಬೈಟುಗಳು ಬೇಕು. ವೇವ್ ಎಂಬುದು ಇಂಥ ಅಳತೆಗಳನ್ನು ಇದ್ದಂತೆಯೇ ಇಡಲು 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ಸಂಸ್ಥೆಗಳು ರೂಪಿಸಿದ ಪಾತ್ರೆ. ಆಪಲ್ ಸಂಸ್ಥೆಯ ಎಐಎಫ್‌ಎಫ್ ಅದಕ್ಕಿಂತ ಮೂರು ವರ್ಷ ಹಿರಿಯದು.

ಸಂಕೋಚನವು ಈ ಸಂಖ್ಯೆಗಳ ರಾಶಿಯನ್ನು ಕಡಮೆ ಮಾಡುವ ಉಪಾಯ. ಅದು ಇಂದಿನದೇನೂ ಅಲ್ಲ. ದೂರವಾಣಿ ವ್ಯವಸ್ಥೆಯು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತ ಬಂದಿತು. ಮಾತು ತಿಳಿಯಲು ಅಷ್ಟು ಸಾಕೆಂಬುದು ಅದರ ಲೆಕ್ಕ. ದೂರವಾಣಿಯು ಅಂಕಿಗಳಿಗೆ ತಿರುಗಿದ ಮೇಲೆ ಸೆಕೆಂಡಿಗೆ 8,000 ಅಳತೆಗಳನ್ನು ತೆಗೆದು, ಪ್ರತಿಯೊಂದನ್ನೂ ಎಂಟೇ ಬಿಟ್ಟಿನಲ್ಲಿ ಹಿಡಿಸುವ ಕ್ರಮಕ್ಕೆ 1972ರಲ್ಲಿ ಅಂತರರಾಷ್ಟ್ರೀಯ ಒಪ್ಪಿಗೆ ದೊರೆಯಿತು. ಸಣ್ಣ ಧ್ವನಿಗೆ ನುಣ್ಣನೆಯ ಅಳತೆಗೋಲು, ದೊಡ್ಡ ಧ್ವನಿಗೆ ಒರಟು ಅಳತೆಗೋಲು ಎಂಬುದು ಅದರ ಜಾಣತನ. ದೂರವಾಣಿನಗರದ ಕಾರ್ಮಿಕರ ಮಾತನ್ನು ಇಂದು ದೂರವಾಣಿಯಲ್ಲಿ ಮುದ್ರಿಸಿಕೊಳ್ಳುವ ವಿದ್ಯಾರ್ಥಿಯು, ಅವರ ಕಸುಬೇ ಅನುಸರಿಸಿದ ಮಿತವ್ಯಯಕ್ಕೆ ಅವರ ಧ್ವನಿಯನ್ನೂ ಒಳಪಡಿಸುತ್ತಿದ್ದಾನೆ ಎಂದರೆ ವಿನೋದವಾದೀತು, ಸುಳ್ಳಾಗಲಾರದು.

ಎಂಪಿ3ಯ ಮಾರ್ಗ ಇದಕ್ಕಿಂತ ಸೂಕ್ಷ್ಮವಾದುದು. ಜರ್ಮನಿಯ ಎರ್ಲಾಂಗೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಇತರರು ನಡೆಸಿದ ಸಂಶೋಧನೆಯಿಂದ ಇದು ಬೆಳೆಯಿತು. 1993ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವಾಗಿ ಪ್ರಕಟವಾಯಿತು. ಮನುಷ್ಯನ ಕಿವಿ ಎಲ್ಲವನ್ನೂ ಕೇಳುವುದಿಲ್ಲ ಎಂಬುದು ಇದರ ತತ್ತ್ವ. ಜೋರಾದ ಧ್ವನಿಯ ನೆರೆಯಲ್ಲಿರುವ ಮೆಲುಧ್ವನಿ ಮರೆಯಾಗುತ್ತದೆ. ಸೋಮೇಶ್ವರ ದೇವಸ್ಥಾನದ ಜಾಗಟೆ ಬಾರಿಸುತ್ತಿರುವಾಗ ಪಕ್ಕದವನ ಪಿಸುಮಾತು ಕೇಳಿಸದು. ಹೀಗೆ ಮರೆಯಾಗುವ ಅಂಶಗಳನ್ನು ಲೆಕ್ಕಹಾಕಿ, ಅವುಗಳಿಗೆ ಬಿಟ್ಟುಗಳನ್ನು ವ್ಯಯಮಾಡದೆ ಬಿಟ್ಟುಬಿಡುವುದು ಎಂಪಿ3ಯ ಕೆಲಸ. ಸೆಕೆಂಡಿಗೆ 1,28,000 ಬಿಟ್ಟುಗಳ ಪ್ರಮಾಣದಲ್ಲಿ ಒಂದು ಗಂಟೆಯ ಮಾತು 57.6 ಮೆಗಾಬೈಟುಗಳಲ್ಲಿ ಹಿಡಿಯುತ್ತದೆ. ಅಡಕಮುದ್ರಿಕೆಯ ಹನ್ನೊಂದರಲ್ಲಿ ಒಂದು ಪಾಲು. ಈ ಪ್ರಮಾಣದಲ್ಲಿ 16,000 ಹರ್ಟ್ಸ್ ಆಸುಪಾಸಿಗಿಂತ ಮೇಲಿನ ಧ್ವನಿಯನ್ನು ಸಾಮಾನ್ಯವಾಗಿ ಕತ್ತರಿಸಿಯೇ ಬಿಡುತ್ತಾರೆ.

ಎಎಂಆರ್ ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೈದೂರವಾಣಿಯ ಸಂಭಾಷಣೆಗಾಗಿ 1999ರ ವೇಳೆಗೆ ಪ್ರಮಾಣವಾದ ಈ ಕ್ರಮದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12,200 ಬಿಟ್ಟುಗಳು. ತರಂಗವನ್ನು ಇದ್ದಂತೆ ಬರೆದಿಡುವ ಬದಲು, ಇಪ್ಪತ್ತು ಮಿಲಿಸೆಕೆಂಡಿಗೊಮ್ಮೆ ಆ ಧ್ವನಿಯನ್ನು ಹೊರಡಿಸಿದ ಕಂಠ ಮತ್ತು ಬಾಯಿಯ ಸ್ಥಿತಿ ಹೇಗಿರಬಹುದೆಂಬ ಒಂದು ವರ್ಣನೆಯನ್ನು ಅದು ಬರೆದಿಡುತ್ತದೆ. ಕೇಳುವಾಗ ಯಂತ್ರವು ಆ ವರ್ಣನೆಯಿಂದ ಧ್ವನಿಯನ್ನು ಹೊಸದಾಗಿ ರಚಿಸುತ್ತದೆ. 2020 ಮತ್ತು 2021ರ ಸಾಂಕ್ರಾಮಿಕದ ದಿನಗಳಲ್ಲಿ ಮನೆಗಳಿಗೆ ಹೋಗಲಾರದೆ ದೂರವಾಣಿಯ ಕರೆಯಲ್ಲಿಯೇ ಸಂದರ್ಶನ ನಡೆಸಿದವರ ಬಳಿ ಇಂಥ ಫೈಲುಗಳು ಹೇರಳವಾಗಿವೆ. ಅಂದು ಮಾತನಾಡಿದವರಲ್ಲಿ ಕೆಲವರು ಈಗ ಇಲ್ಲ.

ಇನ್ನು ಪರಿವರ್ತನೆಯ ವಿಷಯ. 57.6 ಮೆಗಾಬೈಟಿನ ಎಂಪಿ3 ಫೈಲನ್ನು ವೇವ್‌ಗೆ ತಿರುಗಿಸಿದರೆ 635 ಮೆಗಾಬೈಟುಗಳಾಗುತ್ತವೆ. ಒಂದು ಗಂಟೆಯ ಎಎಂಆರ್ ಫೈಲು ಐದೂವರೆ ಮೆಗಾಬೈಟಿನಷ್ಟು. ಅದನ್ನು ಅಡಕಮುದ್ರಿಕೆಯ ಪ್ರಮಾಣಕ್ಕೆ ತಿರುಗಿಸಿದರೆ ನೂರ ಹದಿನೈದು ಪಟ್ಟು ಬೆಳೆಯುತ್ತದೆ. ಈ ಬೆಳವಣಿಗೆಯಲ್ಲಿ ಹೊಸ ಜ್ಞಾನ ಒಂದು ಕಾಳಿನಷ್ಟೂ ಇಲ್ಲ. ಸಂಕುಚಿತ ಫೈಲಿನಲ್ಲಿ ಉಳಿದಿದ್ದ ವಿವರಗಳಿಂದ ತರಂಗವನ್ನು ಮತ್ತೆ ಕಟ್ಟಿ, ಅದರ ಅಳತೆಗಳನ್ನು ಪೂರ್ಣವಾಗಿ ಬರೆದಿಟ್ಟದ್ದಷ್ಟೇ ಆಯಿತು. ಅಡಿಕೆಲೆಯಷ್ಟು ಚೀಟಿಯ ಬರಹವನ್ನು ದೊಡ್ಡ ಕಾಗದದಲ್ಲಿ ದಪ್ಪಕ್ಷರದಿಂದ ಪ್ರತಿಮಾಡಿದರೆ ಚೀಟಿಯಲ್ಲಿಲ್ಲದ ವಾಕ್ಯ ಕಾಗದದಲ್ಲಿ ಮೂಡುವುದೆ? ಕಳೆದುಹೋದುದು ಎಷ್ಟೆಂಬುದನ್ನು ಕಿವಿಯಿಂದಲೇ ತಿಳಿಯಬೇಕೆನ್ನುವವರು ಅಮೆರಿಕದ ಸಂಗೀತ ರಚನಕಾರ ರಯನ್ ಮಗ್ವಾಯರ್ ಅವರ ಪ್ರಯೋಗವನ್ನು ಗಮನಿಸಬಹುದು. ಎಂಪಿ3ಯ ನಿರ್ಮಾಪಕರು ತಮ್ಮ ಪರೀಕ್ಷೆಗೆ ಬಳಸಿದ್ದ ಸುಝನ್ ವೇಗಾ ಅವರ ‘ಟಾಮ್ಸ್ ಡೈನರ್’ ಎಂಬ ಹಾಡನ್ನೇ ತೆಗೆದುಕೊಂಡು, ಸಂಕೋಚನದಲ್ಲಿ ತ್ಯಕ್ತವಾದ ಧ್ವನಿಗಳನ್ನಷ್ಟೇ ಬೇರ್ಪಡಿಸಿ ಅವರು ಒಂದು ಕೃತಿಯನ್ನು ರಚಿಸಿದ್ದಾರೆ. ಅವರಿಗೆ ಇದು ಸಾಧ್ಯವಾದದ್ದು ಸಂಕೋಚನಕ್ಕೆ ಮೊದಲಿನ ಮೂಲವೂ ಕೈಯಲ್ಲಿದ್ದುದರಿಂದ. ನಮ್ಮ ಸಂದರ್ಶನಗಳಿಗೆ ಅಂಥ ಮೂಲವಿಲ್ಲ.

ಹೀಗಿರಲಾಗಿ ಪರಿವರ್ತನೆ ನಿರರ್ಥಕವೆಂದು ಭಾವಿಸಬಾರದು. ಸಂಪಾದನೆಗೆ ಅದು ಅವಶ್ಯಕವೇ ಆಗಿದೆ. ಎಂಪಿ3ಯಲ್ಲಿ ಧ್ವನಿಯು 1,152 ಅಳತೆಗಳ ಕಟ್ಟುಗಳಾಗಿ, ಎಂದರೆ ಸುಮಾರು 26 ಮಿಲಿಸೆಕೆಂಡುಗಳ ತುಣುಕುಗಳಾಗಿ, ಅಡಗಿರುತ್ತದೆ. ಒಂದು ಕಟ್ಟಿನ ಅಂಶ ಹಿಂದಿನ ಕಟ್ಟಿನಲ್ಲಿಯೂ ಸೇರಿರಬಹುದು. ಕಟ್ಟಿನ ನಡುವೆ ಕತ್ತರಿಸಲು ಬಾರದು. ಕಟ್ಟುಗಳ ಅಂಚಿನಲ್ಲಿಯೇ ಕತ್ತರಿಸಿ ಕೊಡುವ ಸಲಕರಣೆಗಳು ಇವೆ, ನಿಜ. ತಲೆ ಬಾಲಗಳನ್ನು ತೆಗೆದುಹಾಕುವುದಷ್ಟೇ ಕೆಲಸವಾದರೆ ಅವು ಸಾಕು. ಆದರೆ ಧ್ವನಿಯ ಮಟ್ಟವನ್ನು ಏರಿಸುವುದು, ಫ್ಯಾನಿನ ಗುಂಯ್‌ಗುಟ್ಟುವಿಕೆಯನ್ನು ತಗ್ಗಿಸುವುದು, ಎರಡು ಸಂದರ್ಶನಗಳನ್ನು ಹೊಂದಿಸುವುದು ಮುಂತಾದ ಕೆಲಸಕ್ಕೆ ಪ್ರತಿಯೊಂದು ಅಳತೆಯನ್ನೂ ಮುಟ್ಟಬೇಕಾಗುತ್ತದೆ. ಫೈಲನ್ನು ಪೂರ್ತಿಯಾಗಿ ಬಿಡಿಸದೆ ಅದು ನಡೆಯದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಇಂದು ಸ್ವಲ್ಪ ತಿದ್ದಿ ಎಂಪಿ3ಯಾಗಿ ಉಳಿಸಿ, ನಾಳೆ ಅದನ್ನೇ ತೆರೆದು ಮತ್ತೆ ತಿದ್ದಿ ಎಂಪಿ3ಯಾಗಿ ಉಳಿಸಿದರೆ, ಪ್ರತಿ ಬಾರಿಯೂ ಹೊಸದಾಗಿ ಧ್ವನಿ ತ್ಯಾಗವಾಗುತ್ತದೆ. ಹಿಂದಿನ ಸಲದ ದೋಷವನ್ನೂ ಯಂತ್ರವು ಮೂಲವೆಂದೇ ಎಣಿಸಿ ಅದರ ಮೇಲೆ ತನ್ನ ದೋಷವನ್ನು ಕೂಡಿಸುತ್ತದೆ. ಓಲೆಗರಿಯ ಗ್ರಂಥಗಳ ವಿಷಯದಲ್ಲಿ ನಾವು ಇದನ್ನು ಚೆನ್ನಾಗಿ ಬಲ್ಲೆವು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಪ್ರಕಟವಾಗಿ ಆರು ದಶಕಗಳಾದವು. ಪ್ರತಿಯ ಪ್ರತಿಯಲ್ಲಿ ಸ್ಖಾಲಿತ್ಯಗಳು ಹೇಗೆ ಬೆಳೆಯುತ್ತವೆ, ಪ್ರತಿಗಳ ವಂಶವನ್ನು ಗುರುತಿಸುವುದು ಏಕೆ ಅಗತ್ಯ ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಪಾಠವಾಗಿ ಬಂದಿದೆ. ಧ್ವನಿಯ ಸಂಪಾದನೆಗೂ ನಾವು ಅದೇ ಶಬ್ದವನ್ನು ಬಳಸುತ್ತೇವೆ. ಅದೇ ಶಿಸ್ತನ್ನು ಮಾತ್ರ ಬಳಸುತ್ತಿಲ್ಲ. ಮೊದಲಿಗೇ ಒಮ್ಮೆ ವೇವ್‌ಗೆ ತಿರುಗಿಸಿ, ಎಲ್ಲ ತಿದ್ದುಪಡಿಗಳನ್ನೂ ಆ ರೂಪದಲ್ಲಿಯೇ ನಡೆಸಿ, ಪ್ರಸಾರಕ್ಕೆ ಬೇಕಾದಾಗ ಕೊನೆಯಲ್ಲಿ ಒಂದೇ ಸಲ ಸಂಕೋಚಿಸಿದರೆ ನಡುವಣ ನಷ್ಟಗಳೆಲ್ಲ ತಪ್ಪುತ್ತವೆ. ಪರಿವರ್ತನೆಯ ಪ್ರಯೋಜನ ಇಷ್ಟೇ, ಆದರೆ ಇದು ಸಣ್ಣದಲ್ಲ. 2000ದ ಇಸವಿಯಿಂದ ಉಚಿತವಾಗಿ ದೊರೆಯುತ್ತಿರುವ ಆಡಾಸಿಟಿಯಂಥ ತಂತ್ರಾಂಶಗಳು ಫೈಲನ್ನು ತೆರೆದ ಕೂಡಲೇ ತಾವಾಗಿ ಅದನ್ನು ಅಸಂಕುಚಿತವಾಗಿ ಬಿಡಿಸಿಕೊಂಡು ಕೆಲಸಮಾಡುತ್ತವೆ. ಹಾಗಿದ್ದರೂ ಪ್ರತಿ ಸಂಜೆ ಕೆಲಸ ಮುಗಿಸುವಾಗ ಎಂಪಿ3ಯಾಗಿ ಹೊರತೆಗೆಯುವವನಿಗೆ ಅದರಿಂದ ಲಾಭವಿಲ್ಲ.

ಕಾಲಸೂಚಿಯ ವಿಷಯವನ್ನೂ ಇಲ್ಲಿಯೇ ಹೇಳಬಹುದು. ಸಂದರ್ಶನವನ್ನು ಉಲ್ಲೇಖಿಸುವಾಗ ‘ಮೂವತ್ತೆರಡನೆಯ ನಿಮಿಷ, ಹದಿನಾಲ್ಕನೆಯ ಸೆಕೆಂಡು’ ಎಂದು ಕೊಡುವುದು ಪುಟಸಂಖ್ಯೆ ಕೊಟ್ಟಂತೆ. ಬಿಟ್ಟುಗಳ ಪ್ರಮಾಣ ಏರಿಳಿಯುವ ಎಂಪಿ3 ಫೈಲುಗಳಲ್ಲಿ ಕೆಲವು ಯಂತ್ರಗಳು ಈ ಕಾಲವನ್ನು ಅಂದಾಜಿನಿಂದ ತೋರಿಸುತ್ತವೆ. ಒಂದರಲ್ಲಿ ಕಂಡ ಸೂಚಿ ಇನ್ನೊಂದರಲ್ಲಿ ಹೊಂದುವುದಿಲ್ಲ. ವೇವ್‌ನಲ್ಲಿ ಕಾಲವೆಂದರೆ ಅಳತೆಗಳ ಎಣಿಕೆಯೇ ಆದ್ದರಿಂದ ಈ ತೊಡಕಿಲ್ಲ. ಪ್ರೌಢಪ್ರಬಂಧಗಳ ಅಡಿಟಿಪ್ಪಣಿಗಳಿಗೆ ಇದೊಂದೇ ಕಾರಣ ಸಾಕು.

ಅಪಾಯವು ಬೇರೊಂದು ಕಡೆಯಿಂದ ಬರುತ್ತದೆ. ವೇವ್ ಫೈಲು ದೊಡ್ಡದು, ಅಸಂಕುಚಿತ, ಸಂಗ್ರಹಾಲಯಗಳು ಒಪ್ಪುವ ರೂಪ. ಆದಕಾರಣ ಅದನ್ನೇ ಮೂಲವೆಂದು ಭಾವಿಸಿ, ಅದಕ್ಕೆ ಜನ್ಮಕೊಟ್ಟ ಸಣ್ಣ ಫೈಲನ್ನು ಜಾಗದ ಉಳಿತಾಯಕ್ಕಾಗಿ ಅಳಿಸಿಹಾಕುವುದನ್ನು ನಾವು ವಿದ್ಯಾರ್ಥಿಗಳಲ್ಲಿ ಹಲವು ಬಾರಿ ಕಂಡಿದ್ದೇವೆ. ವೇವ್ ಮಾತ್ರ ಉಳಿದರೆ ಅದು ಒಳ್ಳೆಯ ಯಂತ್ರದಿಂದ ನೇರವಾಗಿ ಮುದ್ರಿತವಾದುದೋ, ದೂರವಾಣಿ ಕರೆಯ ಎಎಂಆರ್ ಫೈಲಿನಿಂದ ಹಿಗ್ಗಿದುದೋ ಎಂಬುದನ್ನು ಹೆಸರಿನಿಂದಲಾಗಲಿ ಗಾತ್ರದಿಂದಲಾಗಲಿ ಹೇಳಲಾಗುವುದಿಲ್ಲ. ಧ್ವನಿಯ ವರ್ಣಪಟಲವನ್ನು ತೆರೆದು ನೋಡಿದರೆ 16,000ದ ಬಳಿಯಲ್ಲೋ 4,000ದ ಕೆಳಗೋ ಚಾಕುವಿನಿಂದ ಕತ್ತರಿಸಿದಂತಹ ಅಂಚು ಕಾಣಿಸಿ ಅನುಮಾನ ಹುಟ್ಟಬಹುದು. ಆದರೆ ಎಷ್ಟು ಮಂದಿ ಅದನ್ನು ತೆರೆದು ನೋಡುತ್ತಾರೆ?

ಇದು ಬರಿಯ ತಾಂತ್ರಿಕ ಚರ್ಚೆಯಲ್ಲ ಎಂಬುದಕ್ಕೆ ಒಂದು ಉದಾಹರಣೆ. ‘ಸ’ ಮತ್ತು ಇಂಗ್ಲಿಷ್, ಉರ್ದುಗಳ ‘ಫ಼’ ಧ್ವನಿಗಳ ಭೇದವು ಹೆಚ್ಚಾಗಿ 4,000 ಹರ್ಟ್ಸ್‌ಗಿಂತ ಮೇಲಿರುವ ಘರ್ಷಣೆಯಲ್ಲಿದೆ; ದೂರವಾಣಿಯ ಅಗಲದಲ್ಲಿ ಆ ಭಾಗವೇ ಇಲ್ಲ. ಆದ್ದರಿಂದಲೇ ದೂರವಾಣಿಯಲ್ಲಿ ಹೆಸರಿನ ಅಕ್ಷರ ಹೇಳುವವರು ‘ಎಫ್ ಫಾರ್ ಫಾದರ್’ ಎಂದು ಬಿಡಿಸಿ ಹೇಳುವುದು. ಶಿವಾಜಿನಗರದ ಹಿರಿಯರೊಬ್ಬರು ದಖ್ಖನಿಯಲ್ಲಿ ಮಾತನಾಡುತ್ತ ‘ಸನ್’ ಎಂದರೆ ಇಸವಿ, ‘ಫ಼ನ್’ ಎಂದರೆ ಕಲೆ. ಸಂದರ್ಭದಿಂದ ಇವೆರಡನ್ನು ಬೇರ್ಪಡಿಸಬಹುದೆನ್ನಿ. ಆದರೆ ಮನುಷ್ಯರ ಹೆಸರಿನ ಮುಂದಿನ ಮೊದಲಕ್ಷರಗಳಿಗೆ ಸಂದರ್ಭವಿಲ್ಲ. ತಂದೆಯ ಹೆಸರನ್ನು ಒಂದಕ್ಷರವಾಗಿ ಹೇಳುವ ತಮಿಳು ಕುಟುಂಬಗಳೂ, ಫ್ರಾನ್ಸಿಸ್, ಸೆಬಾಸ್ಟಿಯನ್ ಎಂಬ ಹೆಸರುಗಳಿರುವ ಕ್ರೈಸ್ತ ಕುಟುಂಬಗಳೂ ನೆರೆಹೊರೆಯಲ್ಲಿರುವ ಈ ಪ್ರದೇಶದಲ್ಲಿ ‘ಎಸ್’ ಎಂದು ಬರೆದುಕೊಂಡದ್ದು ‘ಎಫ್’ ಆಗಿದ್ದರೆ ಒಂದು ವಂಶಾವಳಿಯೇ ಬೇರೆಯಾಗುತ್ತದೆ. ಅಂಥ ಸ್ಥಳದಲ್ಲಿ ಕೇಳುಗನಿಗೆ ತಾನು ಕೇಳುತ್ತಿರುವುದು ಯಾವ ಜಾತಿಯ ಫೈಲಿನಿಂದ ಬಂದ ಧ್ವನಿಯೆಂದು ತಿಳಿದಿದ್ದರೆ ಅವನು ಅನುಮಾನಿಸಿಯಾನು, ಕುಟುಂಬದವರನ್ನು ಮತ್ತೆ ವಿಚಾರಿಸಿಯಾನು. ಮುನ್ನೂರು ಮೆಗಾಬೈಟಿನ ವೇವ್ ಫೈಲು ಎದುರಿಗಿದ್ದರೆ ಅನುಮಾನವೇ ಹುಟ್ಟದು. ಓದಿನಲ್ಲಿ ತಪ್ಪುವುದಕ್ಕಿಂತ, ತಪ್ಪಬಹುದೆಂಬ ಅರಿವೇ ಇಲ್ಲದಿರುವುದು ಸಂಶೋಧಕನಿಗೆ ಹೆಚ್ಚು ಹಾನಿಕರ.

ಶಾಸನಶಾಸ್ತ್ರದಲ್ಲಿ ನಮ್ಮ ನಾಡು ಈ ಅನುಭವವನ್ನು ದಾಟಿ ಬಂದಿದೆ. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ಅನೇಕ ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಬಿ. ಎಲ್. ರೈಸ್ ಮಹಾಶಯರು 1879ರಲ್ಲಿ ಪ್ರಕಟಿಸಿದ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಗ್ರಂಥಕ್ಕೆ ಆ ಚಿತ್ರಗಳು ಮುಖ್ಯ ಆಧಾರ. ಚಿತ್ರವನ್ನು ಎಷ್ಟು ದೊಡ್ಡದಾಗಿ ಮುದ್ರಿಸಿದರೂ ಮಸೂರಕ್ಕೆ ಕಾಣದ ಅಕ್ಷರ ಅದರಲ್ಲಿ ಕಾಣಲಾರದು; ಮತ್ತೆ ಕಲ್ಲಿನ ಬಳಿಗೇ ಹೋಗಬೇಕು. ಬೆಂಗಳೂರು ಜಿಲ್ಲೆಯ ಶಾಸನಗಳಿರುವ ಒಂಬತ್ತನೆಯ ಸಂಪುಟದವರೆಗೆ, ಅಂದರೆ 1905ರವರೆಗೆ, ‘ಎಪಿಗ್ರಾಫಿಯ ಕರ್ನಾಟಿಕ’ದ ಪ್ರಯತ್ನವೆಲ್ಲ ಆ ದಿಕ್ಕಿನಲ್ಲಿ ನಡೆಯಿತು. ಈಚೆಗೆ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಸಿದ್ಧಪಡಿಸುತ್ತಿರುವವರು ಕೂಡ ಹಳೆಯ ಪುಸ್ತಕದ ಪಾಠವನ್ನು ಸ್ಕ್ಯಾನ್ ಮಾಡುತ್ತ ಕುಳಿತಿಲ್ಲ, ಕಲ್ಲನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ. ಮಾತಿನ ವಿಷಯದಲ್ಲಿ ಕಲ್ಲು ಎಂಬುದು ಉಳಿದಿಲ್ಲ. ಮೊದಲು ಮುದ್ರಿತವಾದ ಫೈಲೇ ನಮಗೆ ಕಲ್ಲು, ಅದು ಎಷ್ಟೇ ಸವೆದಿರಲಿ. ಅದನ್ನು ಹಿಗ್ಗಿಸಿದ ವೇವ್ ನಮಗೆ ಪಡಿಯಚ್ಚು.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಇತಿಹಾಸಕಾರನಿಗೆ ಬೇಕಾದುದು ಮಾತಿನ ಅರ್ಥ. ಅದನ್ನು ಬರಹಕ್ಕೆ ಇಳಿಸಿದ ಮೇಲೆ ಧ್ವನಿಯ ಸೂಕ್ಷ್ಮಗಳ ಗೊಡವೆ ಅವನಿಗೇಕೆ ಎಂದು. ಈ ಮಾತಿನಲ್ಲಿ ಸತ್ಯಾಂಶವಿದೆ. 1,28,000 ಬಿಟ್ಟಿನ ಎಂಪಿ3ಯಲ್ಲಿ ಮುದ್ರಿತವಾದ ಸಂದರ್ಶನದಲ್ಲಿ ಅರ್ಥಕ್ಕೆ ಭಂಗ ಬರುವುದು ಬಹಳ ಅಪೂರ್ವ; ಅಂಥ ಫೈಲುಗಳ ವಿಷಯದಲ್ಲಿ ಗಾಬರಿಪಡಬೇಕಾದುದಿಲ್ಲ. ಸಂಗೀತದವರ ಆತಂಕಗಳನ್ನೆಲ್ಲ ನಾವು ಎರವಲು ತರಬೇಕಾಗಿಯೂ ಇಲ್ಲ. ಆದರೆ ದಂಡಿನ ಮಾತುಗಾರನು ಒಂದೇ ವಾಕ್ಯದಲ್ಲಿ ತಮಿಳಿನಿಂದ ಕನ್ನಡಕ್ಕೂ, ಕನ್ನಡದಿಂದ ಇಂಗ್ಲಿಷಿಗೂ ದಾಟುತ್ತಾನೆ. ಮೇಲಧಿಕಾರಿಯ ಮಾತನ್ನು ಅವನದೇ ಉಚ್ಚಾರದಲ್ಲಿ ಅಣಕಿಸುತ್ತಾನೆ. ಮುಷ್ಕರದ ಹೆಸರೆತ್ತಿದಾಗ ಉತ್ತರ ಕೊಡುವ ಮೊದಲು ತಡೆಯುತ್ತಾನೆ. ಬರಹಕ್ಕೆ ಇಳಿಸಿದವನು ಕನ್ನಡ ಮಾತ್ರ ಬಲ್ಲವನಾಗಿದ್ದರೆ ತಮಿಳಿನ ಭಾಗ ಅವನ ಕೈಯಲ್ಲಿ ಏನಾಗಿದೆಯೆಂದು ಪರೀಕ್ಷಿಸಲು ಧ್ವನಿಯ ಹೊರತು ಬೇರೆ ಗತಿಯಿಲ್ಲ. ಬರಹವೂ ಒಂದು ಸಂಕೋಚನವೇ, ಎಲ್ಲಕ್ಕಿಂತ ಕಠಿಣವಾದುದು.

ಹಾಗಾದರೆ ಆಚರಣೆಯಲ್ಲಿ ಮಾಡಬೇಕಾದುದೇನು? ದೂರವಾಣಿಯಿಂದ ಬಂದ ಫೈಲನ್ನು ಬಂದಂತೆಯೇ, ಹೆಸರನ್ನೂ ಬದಲಿಸದೆ, ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಡುವುದು ಮೊದಲನೆಯದು. ಒಂದು ಗಂಟೆಗೆ ಐದರಿಂದ ಅರವತ್ತು ಮೆಗಾಬೈಟುಗಳ ಈ ಫೈಲುಗಳನ್ನು ಜಾಗದ ನೆಪದಿಂದ ಅಳಿಸುವುದಕ್ಕೆ ಅರ್ಥವಿಲ್ಲ. ವಾಟ್ಸಾಪಿನ ಮೂಲಕ ಸಾಗಿಸುವುದಾದರೆ ಕಾಗದಪತ್ರದಂತೆ, ‘ಡಾಕ್ಯುಮೆಂಟ್’ ಎಂಬ ಮಾರ್ಗದಿಂದ ಕಳುಹಿಸಬೇಕು. ಆ ಫೈಲಿನಿಂದ ಒಮ್ಮೆ ಮಾತ್ರ ವೇವ್ ತೆಗೆದು ಕೆಲಸದ ಪ್ರತಿಯಾಗಿ ಬಳಸಬೇಕು. ಅಳತೆಗಳ ಸಂಖ್ಯೆಯನ್ನು ಮೂಲದಲ್ಲಿದ್ದಷ್ಟೇ ಇಡುವುದು ಲೇಸು; 8,000ದ ಮುದ್ರಣವನ್ನು 96,000ಕ್ಕೆ ಏರಿಸುವುದು ವ್ಯರ್ಥಾಡಂಬರ. ಅಂಥ ಎರಡು ವಾಹಿನಿಗಳ 24 ಬಿಟ್ಟಿನ ವೇವ್ ಫೈಲು ಎರಡು ಗಂಟೆಗಳಿಗೆ ಸ್ವಲ್ಪ ಮೀರುವಷ್ಟರಲ್ಲಿ ಆ ರೂಪದ ಮಿತಿಯಾದ ನಾಲ್ಕು ಗಿಗಾಬೈಟನ್ನೂ ಮುಟ್ಟಿಬಿಡುತ್ತದೆ. ಬಿಟ್ಟುಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಔದಾರ್ಯ ಸಲ್ಲುತ್ತದೆ. ಸಂಕುಚಿತ ಫೈಲನ್ನು ಬಿಡಿಸಿದಾಗ ತರಂಗದ ಶಿಖರಗಳು ಮೂಲಕ್ಕಿಂತ ಎತ್ತರಕ್ಕೆ ಹೋಗಿ ತುಂಡಾಗುವ ಸಂಭವವಿರುವುದರಿಂದ, ಸಂಪಾದನೆಯ ಕಾಲದಲ್ಲಿ 32 ಬಿಟ್ಟಿನ ದಶಾಂಶ ರೂಪ ಕ್ಷೇಮಕರ. ಜಾಗ ನಿಜವಾಗಿಯೂ ಕಡಮೆಯಿದ್ದರೆ, ತಿದ್ದಿ ಮುಗಿಸಿದ ಪ್ರತಿಯನ್ನು 16 ಅಥವಾ 24 ಬಿಟ್ಟಿಗೆ ಇಳಿಸಿ, 2001ರಲ್ಲಿ ಬಂದ ಫ್ಲ್ಯಾಕ್ ರೂಪದಲ್ಲಿ ಇಡಬಹುದು. ಅದು ಅಂಕಿಗಳನ್ನು ಕುಗ್ಗಿಸಿದರೂ ಬಿಡಿಸಿದಾಗ ಒಂದಂಕಿಯೂ ವ್ಯತ್ಯಾಸವಾಗುವುದಿಲ್ಲ.

ಇನ್ನುಳಿದುದು ಪ್ರತಿಯ ವಂಶವನ್ನು ದಾಖಲಿಸುವ ಕ್ರಮ. ಇದನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟರೆ ಪುಸ್ತಕ ಒಂದು ಕಡೆ, ಫೈಲು ಒಂದು ಕಡೆ ಆಗುವುದು ನಮ್ಮ ಗ್ರಂಥಾಲಯಗಳಲ್ಲಿ ಸಾಮಾನ್ಯ. ಯೂರೋಪಿನ ಬಾನುಲಿ ಸಂಸ್ಥೆಗಳ ಒಕ್ಕೂಟವು 1997ರಲ್ಲಿ ವೇವ್ ರೂಪಕ್ಕೆ ಕೂಡಿಸಿದ ಒಂದು ವಿಸ್ತರಣೆಯಿಂದ ಈ ಕೊರತೆ ನೀಗಿದೆ. ಬ್ರಾಡ್‌ಕಾಸ್ಟ್ ವೇವ್ ಎಂದು ಕರೆಯಲ್ಪಡುವ ಆ ರೂಪದಲ್ಲಿ ಧ್ವನಿಯ ಅಂಕಿಗಳ ಜೊತೆಗೆ ಒಂದು ಬರವಣಿಗೆಯ ಭಾಗವಿರುತ್ತದೆ. ಮುದ್ರಣದ ದಿನಾಂಕ, ಮುದ್ರಿಸಿದವರು ಮುಂತಾದ ವಿವರಗಳಿಗೆ ಅಲ್ಲಿ ಸ್ಥಳಗಳಿವೆ. ಕೊನೆಯ ಸ್ಥಳಕ್ಕೆ ಯಂತ್ರಶಿಲ್ಪಿಗಳು ಕೊಟ್ಟ ಹೆಸರು ‘ಕೋಡಿಂಗ್ ಹಿಸ್ಟರಿ’. ಧ್ವನಿಯು ಹಾದುಬಂದ ಪ್ರತಿಯೊಂದು ಪರಿವರ್ತನೆಗೂ ಅಲ್ಲಿ ಒಂದೊಂದು ಸಾಲು. ಹಲಸೂರಿನ ಒಂದು ಮನೆಯಲ್ಲಿ ಎಂಪಿ3ಯಾಗಿ ಮುದ್ರಿತವಾದ ಸಂದರ್ಶನವಾದರೆ ಮೊದಲನೆಯ ಸಾಲಿನಲ್ಲಿ ಸಂಕೋಚನದ ಜಾತಿ, ಸೆಕೆಂಡಿಗೆ ಎಷ್ಟು ಅಳತೆ, ಎಷ್ಟು ಬಿಟ್ಟು, ವಾಹಿನಿ ಒಂದೋ ಎರಡೋ, ಯಾವ ಯಂತ್ರ ಎಂಬುದು. ಎರಡನೆಯ ಸಾಲಿನಲ್ಲಿ ವೇವ್‌ಗೆ ಬಿಡಿಸಿದ ವಿವರ, ಬಳಸಿದ ತಂತ್ರಾಂಶ. ಸದ್ದು ತಗ್ಗಿಸಿದ್ದರೆ ಮೂರನೆಯ ಸಾಲಿನಲ್ಲಿ ಅದು. ಬರೆಯಲು ಎರಡು ನಿಮಿಷ ಸಾಕು. ಉಚಿತವಾಗಿ ದೊರೆಯುವ ತಂತ್ರಾಂಶಗಳಲ್ಲಿಯೂ ಇದಕ್ಕೆ ಅವಕಾಶವಿದೆ. ಮುಂದಿನ ವರ್ಷದಿಂದ ವಿಭಾಗಕ್ಕೆ ಒಪ್ಪಿಸುವ ಸಂದರ್ಶನಗಳಲ್ಲಿ ಈ ಮೂರು ಸಾಲುಗಳು ತುಂಬಿರಬೇಕೆಂದು ಕೇಳುವುದು ವಿದ್ಯಾರ್ಥಿಗಳಿಗೆ ಹೊರೆಯಾಗಲಾರದೆಂದು ನಮ್ಮ ಅಭಿಪ್ರಾಯ.